ಮೂಲೆಯಲ್ಲಿ ಕೂರದ ಪಕ್ಕಾಸು: ಕೊರಿಯಾದ ಸಾಂಪ್ರದಾಯಿಕ ಚಾವಣಿಯ ಡಿಜಿಟಲ್ ಮಾದರಿಯಲ್ಲಿ ದೋಷ ಪತ್ತೆ

ಪರದೆಯ ಮೇಲೆ ಮಾದರಿಯನ್ನು ದೂರದಿಂದ ತಿರುಗಿಸಿ ನೋಡುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸೂರು ನಡುವಿನಿಂದ ಮೆಲ್ಲನೆ ಏರುತ್ತ ಹೋಗಿ ಮೂಲೆಯಲ್ಲಿ ತಲೆಯೆತ್ತಿದೆ. ಹೆಂಚಿನ ಸಾಲುಗಳು ಒಪ್ಪವಾಗಿ ಇಳಿದಿವೆ. ನೋಟವನ್ನು ಮೂಲೆಯ ಕೆಳಗೆ ತಂದು ಮೇಲಕ್ಕೆ ತಿರುಗಿಸಿದಾಗ ದೋಷ ಬಯಲಾಗುತ್ತದೆ. ಕೆಲವು ಪಕ್ಕಾಸುಗಳ ತುದಿ ಸೂರಿನ ಪಟ್ಟಿಯನ್ನು ತೂರಿಕೊಂಡು ಮೇಲೆ ಬಂದಿದೆ, ಕೆಲವು ಪಟ್ಟಿಗೆ ತಾಗದೆ ನಡುಗಾಳಿಯಲ್ಲಿ ನಿಂತಿವೆ, ಒಳತುದಿಗಳು ಒಂದರೊಳಗೊಂದು ಹೊಕ್ಕಿವೆ. ಇದೇ ಅಳತೆ ಹಿಡಿದು ಮರದಲ್ಲಿ ಕಟ್ಟಲು ಹೊರಟರೆ ಒಂದು ತುಂಡೂ ಕೂರುವುದಿಲ್ಲ.

ಕೊರಿಯಾದ ಹಾನೊಕ್ ಮನೆಯನ್ನೋ ಬೌದ್ಧ ಮಂದಿರವನ್ನೋ ಕಂಪ್ಯೂಟರಿನಲ್ಲಿ ಕಟ್ಟಲು ಕೂತವರು ಸಾಮಾನ್ಯವಾಗಿ ಈ ಮೂಲೆಯಲ್ಲಿಯೇ ಸಿಕ್ಕಿಕೊಳ್ಳುತ್ತಾರೆ. ನಾನೂ ವಾರಗಟ್ಟಲೆ ಸಿಕ್ಕಿಕೊಂಡಿದ್ದೆ. ಆಗ ಮೊದಲು ತೋಚುವ ಉಪಾಯವೆಂದರೆ ತಪ್ಪಿದ ಪಕ್ಕಾಸುಗಳನ್ನು ಒಂದೊಂದಾಗಿ ಹಿಡಿದು ಮೇಲಕ್ಕೋ ಕೆಳಕ್ಕೋ ಸರಿಸುವುದು. ದಯವಿಟ್ಟು ಹಾಗೆ ಮಾಡಬೇಡಿ. ನನ್ನ ಅಭ್ಯಾಸದ ಮಾದರಿಯಲ್ಲಿ ಮೂಲೆಗೆ 20 ಪಕ್ಕಾಸು, ನಾಲ್ಕು ಮೂಲೆಗೆ 80. ಅಷ್ಟನ್ನೂ ಕೈಯಿಂದ ಸರಿಸಿದ ಮೇಲೂ ದೋಷ ಹೋಗಿರಲಿಲ್ಲ, ಹೆಂಚಿನ ಪದರದ ಕೆಳಗೆ ಅಡಗಿತ್ತು. ಕಾರಣ, ದೋಷ ಇದ್ದದ್ದು ನಾನು ಕಟ್ಟಿದ ಕ್ರಮದಲ್ಲಿ.

ನಮ್ಮ ಕರಾವಳಿ, ಮಲೆನಾಡಿನ ಹೆಂಚಿನ ಮನೆಗಳನ್ನು ನೋಡಿ ಬೆಳೆದವರಿಗೆ ಚಾವಣಿಯೆಂದರೆ ಇಳಿಜಾರಾದ ಸಮತಟ್ಟು ಹಲಗೆಗಳು. ಹಲಗೆ ಮೊದಲು, ಅದರ ಕೆಳಗೆ ಪಕ್ಕಾಸು ಮತ್ತು ರೀಪು. ಹೆಚ್ಚಿನ ತಂತ್ರಾಂಶಗಳೂ ಹೀಗೆಯೇ ಯೋಚಿಸುತ್ತವೆ: ಚಾವಣಿಯ ಮೇಲ್ಮೈಯನ್ನು ಮೊದಲು ಎಳೆಸಿ, ಪಕ್ಕಾಸುಗಳನ್ನು ಅದಕ್ಕೆ ಅಂಟಿಸುತ್ತವೆ. ಕೊರಿಯಾದ ಬಡಗಿ ಕೆಲಸ ಮಾಡುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಮೇಲ್ಮೈ ಎಂಬುದು ಕೊನೆಗೆ ಸಿಗುವ ಫಲ. ಬಾಗು ಹುಟ್ಟುವುದು ಒಂದೇ ಒಂದು ಮರದ ಪಟ್ಟಿಯಲ್ಲಿ; ಉಳಿದ ಎಲ್ಲ ತುಂಡುಗಳೂ ತಮ್ಮ ಅಳತೆಯನ್ನು ಆ ಪಟ್ಟಿಯಿಂದ ಪಡೆಯುತ್ತವೆ.

ಆ ಪಟ್ಟಿಯ ಹೆಸರು ಪ್ಯೊಂಗೊದೆ. ಪಕ್ಕಾಸುಗಳ ತುದಿಯ ಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಹಾಯುವ ಸಣ್ಣ ಪಟ್ಟಿ ಅದು. ಇಲ್ಲಿ ಸೂರುಪಟ್ಟಿ ಎಂದು ಕರೆಯುತ್ತೇನೆ. ಮೂಲೆಯಲ್ಲಿ 45 ಡಿಗ್ರಿಗೆ ಹೊರಚಾಚುವ ದಪ್ಪನೆಯ, ಬಾಗಿದ ತೊಲೆ ಚುನ್ಯೊ. ನಾಲ್ಕು ಮೂಲೆಗೂ ಚುನ್ಯೊ ಇಟ್ಟಾದ ಮೇಲೆ ಬಡಗಿಗಳು ನಡುವೆ ಕೆಲವೇ ಮಾರ್ಗದರ್ಶಿ ಪಕ್ಕಾಸುಗಳನ್ನು ಕೂರಿಸಿ, ಸೂರುಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಬಾಗಿಸಿ ಕಟ್ಟುತ್ತಾರೆ. ಹಿರಿಯ ಬಡಗಿ ಅಂಗಳದಲ್ಲಿ ನಿಂತು ಕಣ್ಣಳತೆಯಲ್ಲಿ ಬಾಗನ್ನು ತಿದ್ದಿಸುತ್ತಾನೆ. ಬಾಗು ನಿಂತ ಮೇಲೆಯೇ ಉಳಿದ ಪಕ್ಕಾಸುಗಳನ್ನು ಒಂದೊಂದಾಗಿ ಕೆತ್ತಿ ಅದರ ಕೆಳಗೆ ಸೇರಿಸುವುದು. ಈ ವಿದ್ಯೆಯನ್ನು ಬಲ್ಲ ಹಿರಿಯ ಬಡಗಿಗೆ ದೆಮೊಕ್ಜಾಂಗ್ ಎಂಬ ಹೆಸರಿದೆ. ಯುನೆಸ್ಕೊ 2010ರಲ್ಲಿ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಸೂರುಪಟ್ಟಿ ಒಮ್ಮೆಗೆ ಎರಡು ದಿಕ್ಕಿನಲ್ಲಿ ಬಾಗಿರುತ್ತದೆ ಎಂಬುದನ್ನು ಗಟ್ಟಿಯಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದಿನಿಂದ ನೋಡಿದರೆ ಮೂಲೆಗಳು ಮೇಲೇರಿವೆ, ಇದು ಆಂಗೊಕ್. ಆಕಾಶದಿಂದ ಕೆಳಗೆ ನೋಡಿದರೆ ನಡುಭಾಗ ಒಳಸರಿದು ಮೂಲೆಗಳು ಹೊರಚಾಚಿವೆ. ಇದು ಆನ್‌ಹೊರಿಗೊಕ್, ಅಂದರೆ ಒಳಸೊಂಟದ ಬಾಗು. ಛಾಯಾಚಿತ್ರಗಳಲ್ಲಿ ಮೊದಲನೆಯದು ಎದ್ದು ಕಾಣುತ್ತದೆ, ಎರಡನೆಯದು ಕಾಣುವುದೇ ಇಲ್ಲ. ನಾನು ನೋಡಿದ ದೋಷಗಳಲ್ಲಿ ಹೆಚ್ಚಿನವು ಈ ಎರಡನೆಯದನ್ನು ಮರೆತದ್ದರಿಂದಲೇ ಬಂದವು.

ಮೊದಲು ಅಂಕಿ ಬರೆದುಕೊಳ್ಳಿ

ಏನನ್ನೂ ಸರಿಸುವ ಮೊದಲು ಒಂದು ಮೂಲೆಯ ಒಂದು ಬದಿಯನ್ನು ಆಯ್ದುಕೊಂಡು ಪಕ್ಕಾಸುಗಳಿಗೆ ಸಂಖ್ಯೆ ಕೊಡಿ. ಬಡಗಿಗಳ ರೂಢಿಯಂತೆ ಚುನ್ಯೊಗೆ ಅಂಟಿಕೊಂಡಿರುವುದು ಒಂದನೆಯದು. ಅದಕ್ಕೆ ಚೋಜಾಂಗ್ ಎಂದು ಹೆಸರು. ನಡುವಿನ ಕಡೆಗೆ ಎಣಿಸುತ್ತ ಹೋದರೆ ಕೊನೆಯದು ಮಾಕ್ಜಾಂಗ್. ಪ್ರತಿಯೊಂದರ ತುದಿಗೂ ಸೂರುಪಟ್ಟಿಯ ತಳಕ್ಕೂ ಇರುವ ಅಂತರವನ್ನು ಮಿಲಿಮೀಟರಿನಲ್ಲಿ ಬರೆಯಿರಿ. ಪಟ್ಟಿಯನ್ನು ತೂರಿ ಬಂದಿದ್ದರೆ ಧನ, ಕೆಳಗುಳಿದಿದ್ದರೆ ಋಣ. ಅರ್ಧ ಗಂಟೆಯ ಕೆಲಸ. ಅಂಕಿಗಳ ಸಾಲನ್ನು ಓದಿದರೆ ದೋಷ ಎಲ್ಲಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಎಲ್ಲ ಅಂಕಿಗಳೂ ಒಂದೇ ಆಗಿದ್ದರೆ, ಉದಾಹರಣೆಗೆ ಎಲ್ಲವೂ 75 ಆಗಿದ್ದರೆ, ಬಾಗಿನಲ್ಲಿ ತಪ್ಪಿಲ್ಲ. 150 ಮಿ.ಮೀ. ವ್ಯಾಸದ ದುಂಡು ಪಕ್ಕಾಸಿನ ನಡುಗೆರೆಯನ್ನು ಪಟ್ಟಿಯ ತಳಕ್ಕೆ ಹಿಡಿದಿದ್ದೀರಿ, ಮೇಲಂಚನ್ನು ಹಿಡಿಯಬೇಕಿತ್ತು. ಅಂಕಿಗಳು ಗೊತ್ತುಗುರಿಯಿಲ್ಲದೆ ಏರಿಳಿದರೆ ಅದು ಕೈತಪ್ಪು, ಇಲ್ಲವೇ ಬಿಂದುಗಳು ಬೇರೆ ಪದರದ ಗೆರೆಗೆ ಅಂಟಿಕೊಂಡಿವೆ. ಒಂದು ಬದಿ ಸರಿಯಾಗಿದ್ದು ಪಕ್ಕದ ಬದಿ ತಪ್ಪಿದ್ದರೆ ನಕಲು ಮಾಡುವಾಗ ಎಡವಿದ್ದೀರಿ. ಒಂದೇ ಮೂಲೆ ತಪ್ಪಿ ಮೂರು ಸರಿಯಿದ್ದರೆ ಮಾದರಿಯನ್ನು ಬಿಟ್ಟು ಕಟ್ಟಡದ ಕಡೆಗೆ ನೋಡಬೇಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವುದು ಮೂಲೆಯತ್ತ ಹೋದಂತೆ ನುಣುಪಾಗಿ ಬೆಳೆಯುವ ದೋಷ.

ಮೂಲೆಯತ್ತ ಬೆಳೆಯುವ ದೋಷ

ನನ್ನ ಮಾದರಿಯ ಅಂಕಿಗಳು ಹೀಗಿದ್ದವು: 40, 33, 26, 21, 16, 13, 10, 7, 5, 4. ಚೋಜಾಂಗ್ ತುದಿ ಪಟ್ಟಿಯನ್ನು ತೂರಿ 40 ಮಿ.ಮೀ. ಮೇಲೆ ನಿಂತಿತ್ತು, ಹತ್ತನೆಯದು ಬರಿಗಣ್ಣಿಗೆ ಸರಿಯಾಗಿಯೇ ಕಂಡಿತ್ತು. ಇಷ್ಟು ನುಣುಪಾದ ಸಾಲನ್ನು ಕೈತಪ್ಪು ಕೊಡಲಾರದು. ಎಲ್ಲೋ ಒಂದು ಇಡೀ ರೇಖೆಯೇ ತಪ್ಪಿದೆ ಎಂದೇ ಅರ್ಥ.

ಅಳತೆಗಳನ್ನು ಹೇಳಿಬಿಡುತ್ತೇನೆ. ಸೂರಿನ ಉದ್ದ ಮೂಲೆಯಿಂದ ಮೂಲೆಗೆ 12 ಮೀಟರ್. ಬೀಸಣಿಗೆಯಂತೆ ಹರಡುವ ಮೂಲೆಯ ಪಕ್ಕಾಸುಗಳ, ಅಂದರೆ ಸೊನ್‌ಜಾಯೊನ್‌ಗಳ ನಡುಗೆರೆಗಳು ಒಳಗೆ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದುವಿನ ಸಾಲಿನಿಂದ ಹೊರಗಿನ ದೋರಿಗೆ, ಎಂದರೆ ಪಕ್ಕಾಸುಗಳನ್ನು ಹೊರುವ ಅಡ್ಡತೊಲೆಗೆ, 1200 ಮಿ.ಮೀ. ಸೂರಿಗೆ ನಡುವಿನಲ್ಲಿ 2700, ಮೂಲೆಯಲ್ಲಿ 3000. ಒಳಸೊಂಟದ ಬಾಗು ಹೀಗಾಗಿ 300. ಮೂಲೆಯ ಏರಿಕೆ 360.

ಪಕ್ಕಾಸು ನೇರ ಮರ. ಅದರ ತುದಿ 360 ಏರಿದರೆ ದೋರಿಯ ಮೇಲೆ ಹಾಯುವ ಜಾಗದಲ್ಲೂ ಒಂದಿಷ್ಟು ಏರಲೇಬೇಕು. ದೋರಿಯಾದರೋ ಹೆಚ್ಚು ಏರುವುದಿಲ್ಲ. ಈ ತೆರವನ್ನು ತುಂಬಲು ದೋರಿಯ ಮೇಲೆ ಮೂಲೆಯ ಕಡೆ ಎತ್ತರವಾಗಿಯೂ ನಡುವಿನ ಕಡೆ ತೆಳ್ಳಗಾಗುತ್ತಲೂ ಹೋಗುವ ಉದ್ದನೆಯ ಬೆಣೆಯೊಂದನ್ನು ಇಡುತ್ತಾರೆ. ಹೆಸರು ಗಾಲ್ಮೊಸಾನ್‌ಬಾಂಗ್. ಎಷ್ಟೋ ಮಾದರಿಗಳಲ್ಲಿ ಈ ಬೆಣೆ ಇರುವುದೇ ಇಲ್ಲ. ಪಕ್ಕಾಸುಗಳು ದೋರಿಯ ಮೇಲೆ ಗಾಳಿಯಲ್ಲಿ ತೇಲುತ್ತಿರುತ್ತವೆ.

ನಾನು ಬೆಣೆಯನ್ನೇನೋ ಇಟ್ಟಿದ್ದೆ. ಅದರ ಎತ್ತರವನ್ನು ಮುಂಭಾಗದ ನಕ್ಷೆಯಿಂದ ಲೆಕ್ಕ ಹಾಕಿದ್ದೆ: 1200ನ್ನು 2700ರಿಂದ ಭಾಗಿಸಿ 360ರಿಂದ ಗುಣಿಸಿದರೆ 160. ಆದರೆ ಮೂಲೆಯಲ್ಲಿ ಸೂರು 2700ಕ್ಕೆ ನಿಲ್ಲದೆ 3000ಕ್ಕೆ ಹೋಗಿದೆ. ಸರಿಯಾದ ಲೆಕ್ಕ 1200ನ್ನು 3000ದಿಂದ ಭಾಗಿಸುವುದು. ಆಗ ಸಿಗುವುದು 144. ಬೆಣೆ 16 ಮಿ.ಮೀ. ಎತ್ತರವಾಗಿತ್ತು. ಒಳತುದಿ ಕದಲದಂತೆ ನಿಂತಿರುವಾಗ ದೋರಿಯ ಮೇಲೆ 16 ಮಿ.ಮೀ. ಎತ್ತಿದರೆ ಹೊರತುದಿ ಎರಡೂವರೆ ಪಟ್ಟು, ಅಂದರೆ 40 ಮಿ.ಮೀ. ಏರುತ್ತದೆ. ಚೋಜಾಂಗ್‌ನ 40 ಬಂದದ್ದು ಅಲ್ಲಿಂದ. ಮಾಕ್ಜಾಂಗ್ ಕಡೆಗೆ ಏರಿಕೆಯೂ ಹೊರಚಾಚೂ ಎರಡೂ ಕಡಿಮೆಯಾಗುವುದರಿಂದ ದೋಷವೂ ಬೇಗ ಕರಗುತ್ತ ಹೋಗುತ್ತದೆ. ಸಾಲಿನ ಅಷ್ಟೂ ಅಂಕಿಗಳು ಈ ಒಂದೇ ಕಾರಣಕ್ಕೆ ಸರಿಹೊಂದಿದವು. ಆ ಸಂಜೆಯ ಸಮಾಧಾನ ಈಗಲೂ ನೆನಪಿದೆ: 80 ತುಂಡುಗಳ ತೊಂದರೆ ಎಂದುಕೊಂಡದ್ದು ಮರೆತುಹೋದ ಒಂದು ಬಾಗಿನ ತೊಂದರೆಯಾಗಿತ್ತು.

ಪರಿಹಾರ ಹೀಗೆ. ಬೆಣೆಯನ್ನು ಬೇರೆಯಾಗಿ ಎಳೆಯಬೇಡಿ. ಸೂರುಪಟ್ಟಿಯ ತಳದ ರೇಖೆಯಿಂದ ಒಳಬಿಂದುವಿಗೆ ಗೆರೆಗಳನ್ನು ಎಳೆದು, ಪಕ್ಕಾಸಿನ ದಪ್ಪ ಕಳೆದು, ಅವು ದೋರಿಯ ಮೇಲಿನ ಲಂಬ ತಲವನ್ನು ಎಲ್ಲಿ ಕತ್ತರಿಸುತ್ತವೆಯೋ ಆ ಬಿಂದುಗಳನ್ನು ಸೇರಿಸಿ. ಬೆಣೆಯ ಮೇಲಂಚು ತಾನಾಗಿ ಸಿಗುತ್ತದೆ. ಸೂರಿನಿಂದ ಒಳಕ್ಕೆ ಲೆಕ್ಕ ಬರಬೇಕೇ ಹೊರತು ದೋರಿಯಿಂದ ಹೊರಕ್ಕೆ ಹೋಗಬಾರದು.

ಎರಡು ಬಾಗುಗಳನ್ನು ಒಂದೇ ರೇಖೆಯಾಗಿ ಕೂಡಿಸಲು ರೈನೋ ಎಂಬ ಮಾದರಿ ತಂತ್ರಾಂಶದಲ್ಲಿ ‘ಕರ್ವ್ ಫ್ರಮ್ ಟೂ ವ್ಯೂಸ್’ ಎಂಬ ಆಜ್ಞೆ ಇದೆ: ಮುಂಭಾಗದ ನಕ್ಷೆಯ ಬಾಗು ಒಂದು, ತಳನಕ್ಷೆಯ ಬಾಗು ಇನ್ನೊಂದು, ಎರಡೂ ಸೇರಿದ ಜಾಗದ ರೇಖೆ ಸಿಗುತ್ತದೆ. ಬೇರೆ ತಂತ್ರಾಂಶದಲ್ಲಿ ಎರಡನ್ನೂ ಗೋಡೆಗಳಂತೆ ಎಬ್ಬಿಸಿ ಅವು ಕತ್ತರಿಸುವ ಗೆರೆಯನ್ನು ತೆಗೆದರೆ ಅದೇ ಫಲ. ಇಲ್ಲೊಂದು ಎಚ್ಚರ ಬೇಕು. ಎರಡು ಬಾಗುಗಳೂ ಒಂದೇ ಅಂಚಿನಲ್ಲಿ ಮುಗಿಯಬೇಕು, ಅಂದರೆ ಚುನ್ಯೊದ 45 ಡಿಗ್ರಿ ತಲದಲ್ಲಿ. ಮುಂಭಾಗದ ಬಾಗನ್ನು ಕಂಬದ ನೇರಕ್ಕೆ ನಿಲ್ಲಿಸಿ ತಳನಕ್ಷೆಯ ಬಾಗನ್ನು ಚುನ್ಯೊದ ತುದಿಯವರೆಗೆ ಒಯ್ದಿದ್ದರೆ ಫಲಿತ ರೇಖೆ ಗಿಡ್ಡವಾಗಿ, ಮೂಲೆಯಲ್ಲಿ ಪಟ್ಟಿ ಮುಟ್ಟದೆ ಉಳಿಯುತ್ತದೆ.

ಬೀಸಣಿಗೆಯ ಎಣಿಕೆ

ಪಕ್ಕಾಸಿನ ತುದಿಗಳು ಎತ್ತರದಲ್ಲಿ ಸರಿಯಿದ್ದು, ಅವುಗಳ ನಡುವಿನ ಸಂದುಗಳು ಮಾತ್ರ ಮೂಲೆಯತ್ತ ಅಗಲವಾಗುತ್ತ ಹೋದರೆ ನೀವು ಕೋನವನ್ನು ಸಮನಾಗಿ ಹಂಚಿದ್ದೀರಿ. ಒಂದು ಬಿಂದುವಿನ ಸುತ್ತ ಸಮಕೋನದಲ್ಲಿ ನಕಲು ಮಾಡುವ ‘ಪೋಲಾರ್ ಅರೇ’ ಎಂಬ ಸೌಲಭ್ಯ ಕೈಗೆ ಸುಲಭ, ಹಾಗಾಗಿ ಎಲ್ಲರೂ ಇದನ್ನೇ ಮಾಡುತ್ತಾರೆ. ಸೂರನ್ನು ಸದ್ಯಕ್ಕೆ ನೇರ ಗೆರೆ ಎಂದುಕೊಂಡು ಲೆಕ್ಕ ಹಾಕಿ ನೋಡಿ. 45 ಡಿಗ್ರಿಯನ್ನು ಹತ್ತು ಪಾಲು ಮಾಡಿದರೆ ಒಂದೊಂದು 4.5 ಡಿಗ್ರಿ. 3000 ಮಿ.ಮೀ. ದೂರದಲ್ಲಿ ಮಾಕ್ಜಾಂಗ್ ಕಡೆಯ ಸಂದು 236 ಆದರೆ ಚುನ್ಯೊ ಪಕ್ಕದ ಸಂದು 438. ಕಟ್ಟಡದಲ್ಲಿ ಹೀಗಿರುವುದಿಲ್ಲ. ಪಕ್ಕಾಸುಗಳ ಅಂತರ ಸೂರಿನ ಉದ್ದಕ್ಕೂ ಸರಿಸುಮಾರು ಒಂದೇ, ರೂಢಿಯಲ್ಲಿ ಒಂದು ‘ಜಾ’, ಅಂದರೆ ಸುಮಾರು 303 ಮಿ.ಮೀ. ಹಾಗಾಗಿ ಸೂರುಪಟ್ಟಿಯನ್ನು ಸಮಭಾಗ ಮಾಡಿ ಅಲ್ಲಿಂದ ಒಳಬಿಂದುವಿಗೆ ಗೆರೆ ಎಳೆಯಿರಿ. 300ರಂತೆ ಹಂಚಿದರೆ ಮಾಕ್ಜಾಂಗ್ ಕಡೆಯ ಕೋನ ಸುಮಾರು 5.7 ಡಿಗ್ರಿ, ಚುನ್ಯೊ ಪಕ್ಕದ್ದು ಸುಮಾರು 3 ಡಿಗ್ರಿ. ಕೋನಗಳು ಒಂದೇ ಆಗಿರಬಾರದು ಎಂಬುದೇ ಇಲ್ಲಿನ ಪರೀಕ್ಷೆ.

ಒಳತುದಿಗಳು ಒಂದರೊಳಗೊಂದು ಹೊಕ್ಕಿರುವುದು ಬೇರೆಯೇ ವಿಷಯ. ದುಂಡು ಮರಗಳು ಒಂದೇ ಬಿಂದುವಿಗೆ ಬಂದರೆ ಹೊಕ್ಕೇ ಹೊಕ್ಕುತ್ತವೆ. ಬಡಗಿ ಒಂದೊಂದರ ಒಳಭಾಗವನ್ನೂ ಎರಡು ಕಡೆ ಕೆತ್ತಿ ಬೆಣೆಯಂತೆ ತೆಳ್ಳಗೆ ಮಾಡಿ, ಪಕ್ಕಪಕ್ಕಕ್ಕೆ ಸಂದಿಲ್ಲದಂತೆ ಜೋಡಿಸುತ್ತಾನೆ. ಎರಡು ತುಂಡುಗಳು ಒಂದೇ ಆಕಾರದವಲ್ಲ. ಒಳ್ಳೆಯ ಬಡಗಿಯನ್ನು ಅಳೆಯುವುದೇ ಈ ಮೂಲೆಯಿಂದ. ಮಾದರಿಯಲ್ಲಿ ನೆರೆಯ ಎರಡು ನಡುಗೆರೆಗಳ ನಡುವಿನ ಕೋನವನ್ನು ಅರ್ಧ ಮಾಡುವ ಲಂಬ ತಲದಿಂದ ಎರಡನ್ನೂ ಕತ್ತರಿಸಿದರೆ ಸಾಕು. ಈ ಶ್ರಮ ಬೇಡವೆನಿಸಿದರೆ ಚುನ್ಯೊದ ಬದಿಗೆ ಅಲ್ಲಲ್ಲಿ ಮೊಳೆ ಹೊಡೆದು ನಿಲ್ಲಿಸುವ ಕುದುರೆ ಗೊರಸಿನ ಪಕ್ಕಾಸು ಎಂಬ ಸರಳ ಬಗೆಯೂ ಇದೆ. ಆದರೆ ನೀವು ಮಾಡುತ್ತಿರುವ ಕಟ್ಟಡದಲ್ಲಿ ಯಾವುದಿದೆ ಎಂದು ಮೊದಲು ನೋಡಿ. ಇಲ್ಲದ ಸರಳತೆಯನ್ನು ಅದಕ್ಕೆ ಹೇರಬೇಡಿ.

ಇನ್ನು ಪಕ್ಕದ ಬದಿ. ಮುಂಭಾಗ 12 ಮೀಟರ್, ಪಕ್ಕ 9 ಮೀಟರ್ ಎಂದಿಟ್ಟುಕೊಳ್ಳಿ. ಮುಂಭಾಗದ ರೇಖೆಯನ್ನು ಮುಕ್ಕಾಲಿಗೆ ಕುಗ್ಗಿಸಿ ಪಕ್ಕಕ್ಕೆ ಇಟ್ಟರೆ 360ರ ಏರಿಕೆ 270 ಆಗುತ್ತದೆ, ಮೂಲೆಯಲ್ಲಿ ಎರಡು ಪಟ್ಟಿಗಳು 90 ಮಿ.ಮೀ. ತಪ್ಪಿ ನಿಲ್ಲುತ್ತವೆ. ಉದ್ದವನ್ನಷ್ಟೇ ಕುಗ್ಗಿಸಿದರೆ ಮೂಲೆ ಕೂಡುತ್ತದೆ. ಆದರೂ ಮುಂಭಾಗದ ಬೀಸಣಿಗೆಯನ್ನು ಕನ್ನಡಿ ಮಾಡಿ ಪಕ್ಕಕ್ಕೆ ಅಂಟಿಸಿದ್ದರೆ ಅದು ಕೂರದು. ನನ್ನ ಮಾದರಿಯಲ್ಲಿ ಮೂಲೆಯಿಂದ ಒಂದೂವರೆ ಮೀಟರ್ ಈಚೆಗೆ ಎರಡು ಬದಿಗಳ ಎತ್ತರದಲ್ಲಿ 42 ಮಿ.ಮೀ. ವ್ಯತ್ಯಾಸ ಬಂದಿತ್ತು. ಪಕ್ಕದ ಬಾಗನ್ನು ಹೊಸದಾಗಿಯೇ ಎಳೆಯಿರಿ, ಬೀಸಣಿಗೆಯನ್ನು ಅದರಿಂದಲೇ ಪಡೆಯಿರಿ.

ಪಟ್ಟಿಯೇ ಸರಿಯಿಲ್ಲದಾಗ

ಪಕ್ಕಾಸುಗಳು ಕೂತರೂ ಸೂರಿನ ಗೆರೆ ಮುರಿದಂತೆ ಕಾಣಬಹುದು. ನಡುವೆ ನೇರ ಗೆರೆ, ಎರಡು ತುದಿಗೆ ವೃತ್ತಖಂಡ ಸೇರಿಸಿದವರಲ್ಲಿ ಇದು ಸಾಮಾನ್ಯ. ಸೇರುವ ಜಾಗದಲ್ಲಿ ದಿಕ್ಕು ಒಂದೇ ಇದ್ದರೂ ಬಾಗು ಸೊನ್ನೆಯಿಂದ ಒಮ್ಮೆಲೇ ಜಿಗಿಯುತ್ತದೆ. ನೆರಳು ಬಿದ್ದಾಗ ಕಣ್ಣು ಅದನ್ನು ಹಿಡಿದುಬಿಡುತ್ತದೆ. ರೈನೋದ ‘ಕರ್ವೇಚರ್ ಗ್ರಾಫ್’ ತೆರೆದು ನೋಡಿ: ಬಾಚಣಿಗೆಯ ಹಲ್ಲುಗಳಂತೆ ನಿಲ್ಲುವ ಗೆರೆಗಳು ಮೆಟ್ಟಿಲಾಗಿ ಎದ್ದಿದ್ದರೆ ದೋಷ ಅಲ್ಲಿದೆ.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಹೇಳಬೇಕು. ತಂತ್ರಾಂಶದಲ್ಲಿ ನಾವು ದಿನವೂ ಬಳಸುವ ‘ಸ್ಪ್ಲೈನ್’ ಎಂಬ ಪದ ಮೂಲತಃ ಮರದ್ದು. ಹಡಗು ಕಟ್ಟುವವರು, ನಕ್ಷೆ ಬರೆಯುವವರು ಬಾಗು ಎಳೆಯಲು ಬಳಸುತ್ತಿದ್ದ ತೆಳ್ಳನೆಯ, ಬಳುಕುವ ಪಟ್ಟಿಗೆ ಆ ಹೆಸರಿತ್ತು. ಕೆಲವು ಕಡೆ ಭಾರ ಇಟ್ಟು ಒತ್ತಿದರೆ ಉಳಿದದ್ದನ್ನು ಮರವೇ ನಿರ್ಧರಿಸುತ್ತಿತ್ತು. ಗಣಿತದ ಸ್ಪ್ಲೈನ್ ಆ ಮರದ ನಡತೆಯನ್ನೇ ಅನುಕರಿಸುತ್ತದೆ. ಕೊರಿಯಾದ ಸೂರುಪಟ್ಟಿಯೂ ಹಾಗೆಯೇ ಬಾಗಿದ ಮರ. ಆದ್ದರಿಂದ ಅದನ್ನು ತೋರಿಸಲು ಸ್ಪ್ಲೈನ್‌ಗಿಂತ ಸಹಜವಾದ ಸಾಧನ ಇನ್ನೊಂದಿಲ್ಲ, ನಾವು ಅದನ್ನು ಬಿಂದುಗಳಿಂದ ಚುಚ್ಚಿ ಚುಚ್ಚಿ ಹಾಳು ಮಾಡದಿದ್ದರೆ. ಅಳತೆಯಲ್ಲಿ ಸಿಕ್ಕ 20 ಬಿಂದುಗಳಲ್ಲಿ ಒಂದೊಂದನ್ನೂ ಮುಟ್ಟುವ ರೇಖೆ ಎಳೆದರೆ ಅದು ಅಲೆಅಲೆಯಾಗುತ್ತದೆ. ಮರ ಹಾಗೆ ಬಾಗದು. ಅರ್ಧ ಸೂರಿಗೆ ನಾಲ್ಕೈದು ನಿಯಂತ್ರಣ ಬಿಂದು ಸಾಕು. ನಡುವಿನ ಮೊದಲ ಎರಡು ಬಿಂದುಗಳು ಎತ್ತರದಲ್ಲೂ ಹೊರಚಾಚಿನಲ್ಲೂ ಸಮವಾಗಿರಲಿ; ಆಗ ಕನ್ನಡಿ ಮಾಡಿದ ಇನ್ನರ್ಧ ನಡುವಿನಲ್ಲಿ ಗೆರೆ ಕಾಣದಂತೆ ಕೂಡಿಕೊಳ್ಳುತ್ತದೆ.

ಪಟ್ಟಿಯ ಅಡ್ಡಕೊಯ್ತ ತಿರುಚಿಕೊಳ್ಳುವುದು ಇನ್ನೊಂದು ಪೀಡೆ. ನಡುವಿನಲ್ಲಿ ಚೌಕವಾಗಿ ಕೂತ ಪಟ್ಟಿ ಮೂಲೆಗೆ ಬರುವಷ್ಟರಲ್ಲಿ ಮಗ್ಗುಲಿಗೆ ವಾಲಿರುತ್ತದೆ. ಸ್ಕೆಚ್‌ಅಪ್‌ನ ‘ಫಾಲೋ ಮಿ’ (ಅಡ್ಡಕೊಯ್ತವನ್ನು ದಾರಿಯುದ್ದಕ್ಕೂ ಎಳೆಯುವ ಸೌಲಭ್ಯ) ಎರಡು ದಿಕ್ಕಿಗೆ ಬಾಗಿದ ದಾರಿಯಲ್ಲಿ ಹೀಗೆ ಮಾಡುವುದುಂಟು. ರೈನೋದ ‘ಸ್ವೀಪ್’ನಲ್ಲಿ ‘ರೋಡ್‌ಲೈಕ್’ ಆಯ್ಕೆ, ಬ್ಲೆಂಡರ್‌ನ ರೇಖೆಗಳಲ್ಲಿ ‘ಜೆಡ್ ಅಪ್’ ಆಯ್ಕೆ ಇದಕ್ಕೆ ಮದ್ದು.

ಕಂಬಗಳ ಕಡೆ

ಮೇಲೆ ಎಲ್ಲ ಸರಿಮಾಡಿದರೂ ಬೆಣೆ ಅತಿ ದಪ್ಪವೆನಿಸಿದರೆ ಕಂಬಗಳನ್ನು ಅಳೆಯಿರಿ. ಕೊರಿಯಾದ ಮುಖ್ಯ ಮಂದಿರಗಳಲ್ಲಿ ಮೂಲೆಯ ಕಂಬವನ್ನು ನಡುವಿನ ಕಂಬಕ್ಕಿಂತ ತುಸು ಎತ್ತರ ಮಾಡುತ್ತಾರೆ, ಇದು ಗ್ವಿಸೊಸುಮ್. ತಲೆಯನ್ನು ತುಸು ಒಳಕ್ಕೆ ವಾಲಿಸುವುದು ಆನ್‌ಸ್ಸೊಲ್ಲಿಮ್. ಎಲ್ಲ ಕಂಬಗಳೂ ಸಮನಾಗಿ, ನೆಟ್ಟಗೆ ನಿಂತರೆ ಉದ್ದನೆಯ ಕಟ್ಟಡದ ತುದಿಗಳು ಕುಸಿದಂತೆಯೂ ಹೊರಕ್ಕೆ ಬಾಗಿದಂತೆಯೂ ಕಾಣುತ್ತವೆ, ಅದನ್ನು ತಿದ್ದಲು ಈ ಎರಡು ಉಪಾಯ. ಮೂಲೆಯ ಕಂಬ 60 ಮಿ.ಮೀ. ಎತ್ತರವಿದ್ದರೆ ದೋರಿಯೂ ಅಲ್ಲಿ ಅಷ್ಟು ಏರುತ್ತದೆ, ಬೆಣೆ ಅಷ್ಟೇ ಇಳಿಯಬೇಕು. ಎಲ್ಲ ಕಂಬಗಳನ್ನೂ ಒಂದೇ ಅಳತೆಯಲ್ಲಿ ನಕಲು ಮಾಡಿದವರಿಗೆ ಏರಿಕೆಯ ಹೊರೆಯೆಲ್ಲ ಬೆಣೆ ಮತ್ತು ಚುನ್ಯೊದ ಮೇಲೆ ಬೀಳುತ್ತದೆ.

ಕಂಬದ ಉಬ್ಬನ್ನೂ ಇಲ್ಲಿಯೇ ನೋಡಿಬಿಡಿ. ಯೊಂಗ್ಜು ನಗರದ ಬುಸೊಕ್ಸಾ ಮಂದಿರದ ಮುರ್ಯಾಂಗ್ಸುಜೊನ್ ಐದು ಅಂಕಣ ಅಗಲ, ಮೂರು ಅಂಕಣ ಆಳದ ಕಟ್ಟಡ. ಕೊರಿಯನ್ನರ ‘ಕಾನ್’ ಎಂದರೆ ನಮ್ಮ ಅಂಕಣವೇ, ಎರಡು ಕಂಬಗಳ ನಡುವಿನ ಜಾಗ. 1916ರ ದುರಸ್ತಿಯ ವೇಳೆ ಸಿಕ್ಕ ಬರಹದಿಂದ ಈಗಿನ ಕಟ್ಟಡ 1376ರಲ್ಲಿ ಮತ್ತೆ ಕಟ್ಟಿದ್ದು ಎಂದು ತಿಳಿದಿದೆ. ಅದರ ಕಂಬಗಳ ವ್ಯಾಸ ಬುಡದಲ್ಲಿ ಸುಮಾರು 44 ಸೆಂ.ಮೀ., ಉಬ್ಬಿನಲ್ಲಿ 49, ತಲೆಯಲ್ಲಿ 34. ಈ ಮೂರು ಅಂಕಿಗಳನ್ನು ಹಿಡಿದು, ಉಬ್ಬನ್ನು ಸರಿಯಾಗಿ ಅರ್ಧ ಎತ್ತರಕ್ಕೆ ಇಟ್ಟು ಕಮಾನು ಎಳೆದರೆ ಕಂಬ ಪೀಪಾಯಿಯಂತಾಗುತ್ತದೆ. ಉಬ್ಬು ಇರಬೇಕಾದದ್ದು ಬುಡದಿಂದ ಸುಮಾರು ಮೂರನೇ ಒಂದು ಭಾಗದಲ್ಲಿ. ಅಲ್ಲಿಂದ ಮೇಲಕ್ಕೆ ಉದ್ದವಾಗಿ, ಸಾವಧಾನವಾಗಿ ಕಿರಿದಾಗುತ್ತ ಹೋಗಬೇಕು.

ಒಂದೇ ಮೂಲೆ ತಪ್ಪಿದಾಗ

ಲೇಸರ್ ಸ್ಕ್ಯಾನ್‌ನಿಂದ ಬಂದ ಬಿಂದುರಾಶಿಯ ಮೇಲೆ ಮಾದರಿ ಕಟ್ಟುವವರಿಗೆ ಎದುರಾಗುವ ತೊಡಕಿದು. ಮೂರು ಮೂಲೆಗಳಲ್ಲಿ ಎಲ್ಲವೂ ಕೂರುತ್ತದೆ, ನಾಲ್ಕನೆಯದರಲ್ಲಿ ಪಟ್ಟಿ ಕೆಳಗಿಳಿದಿರುತ್ತದೆ. ತಕ್ಷಣ ತಿದ್ದಲು ಹೋಗಬೇಡಿ. ಚುನ್ಯೊ ಹೆಂಚು, ಮಣ್ಣಿನ ಭಾರವನ್ನೆಲ್ಲ ಹೊತ್ತು ಗೋಡೆಯಿಂದ ಬಹುದೂರ ಚಾಚಿರುವ ತೊಲೆ. ಶತಮಾನಗಳಲ್ಲಿ ಅದು ಜಗ್ಗುತ್ತದೆ. ಹಾಗೆ ಜಗ್ಗದಿರಲೆಂದೇ ಎಷ್ಟೋ ಮಂದಿರಗಳಲ್ಲಿ ಮೂಲೆಯ ಕೆಳಗೆ ಹ್ವಾಲ್ಜು ಎಂಬ ತೆಳ್ಳನೆಯ ಊರುಗಂಬ ಕೊಟ್ಟಿರುತ್ತಾರೆ, ಮುರ್ಯಾಂಗ್ಸುಜೊನ್‌ನಲ್ಲೂ ಇದೆ. ಆ ದಪ್ಪ ಚಾವಣಿಯ ಕೆಳಗೆ ಕಡ್ಡಿಯಂತೆ ನಿಂತ ಆ ಊರುಗಂಬವನ್ನು ನೋಡಿದವರಿಗೆ ಮೂಲೆಯ ಭಾರವೆಷ್ಟು ಎಂಬುದು ಲೆಕ್ಕವಿಲ್ಲದೆಯೇ ತಿಳಿಯುತ್ತದೆ.

ನಾಲ್ಕೂ ಮೂಲೆಗಳ ರೇಖೆಗಳನ್ನು ತಿರುಗಿಸಿ ಒಂದರ ಮೇಲೊಂದು ಇಡಿ. ಇಳಿದ ಮೂಲೆಯಲ್ಲಿ ದೋರಿಯೂ ಕಂಬದ ಬುಡವೂ ಇಳಿದಿದ್ದರೆ ಅಡಿಪಾಯ ಕುಸಿದಿದೆ. ದೋರಿ ಸರಿಯಿದ್ದು ತುದಿ ಮಾತ್ರ ಇಳಿದಿದ್ದರೆ ಚುನ್ಯೊ ಜಗ್ಗಿದೆ. ಬಿಂದುರಾಶಿಯಲ್ಲಿ ಇದ್ದಂತೆ ಒಂದು ಪದರ, ಬಡಗಿ ಉದ್ದೇಶಿಸಿದ್ದ ಬಾಗಿನದು ಇನ್ನೊಂದು ಪದರ, ಹೀಗೆ ಎರಡನ್ನೂ ಉಳಿಸಿಕೊಳ್ಳಿ. ನಾಲ್ಕರ ಸರಾಸರಿ ತೆಗೆದು ಒಂದೇ ರೇಖೆ ಮಾಡಿದರೆ ಎರಡು ಸತ್ಯಗಳೂ ಹಾಳಾಗುತ್ತವೆ. ಸೋಲ್‌ನ ಸುಂಗ್ನ್ಯೆಮುನ್ ದ್ವಾರದ ಮರದ ಭಾಗ 2008ರ ಫೆಬ್ರುವರಿಯಲ್ಲಿ ಬೆಂಕಿಗೆ ತುತ್ತಾದಾಗ, ಮೊದಲೇ ಮಾಡಿಟ್ಟಿದ್ದ ಅಳತೆ ನಕ್ಷೆಗಳು ಮರುನಿರ್ಮಾಣಕ್ಕೆ ಆಧಾರವಾದವು. 2013ರಲ್ಲಿ ಅದು ಮತ್ತೆ ತೆರೆಯಿತು. ನಾವು ಇಂದು ಸರಿಯೆಂದು ತಿದ್ದಿಬಿಡುವ ಮಿಲಿಮೀಟರ್ ನಾಳೆ ಯಾರಿಗೋ ಬೇಕಾಗಬಹುದು.

ಎರಡು ಸಣ್ಣ ಸಂಗತಿಗಳು ಉಳಿದಿವೆ. ಚಾವಣಿಯ ಅಡ್ಡಕೊಯ್ತದಲ್ಲಿ ಕಾಣುವ ತಗ್ಗುಬಾಗನ್ನು ಪಕ್ಕಾಸಿಗೆ ಕೊಡಬೇಡಿ, ಪಕ್ಕಾಸುಗಳು ನೇರ. ಮೇಲಿನ ಗಿಡ್ಡ ಪಕ್ಕಾಸು ಕಡಿದಾಗಿ, ಕೆಳಗಿನ ಉದ್ದ ಪಕ್ಕಾಸು ಸಪಾಟಾಗಿ ಕೂತು ನಡುವೆ ಉಳಿದ ಮುರುಕನ್ನು ಮರದ ಚೂರುಗಳೂ ಮಣ್ಣೂ ತುಂಬುತ್ತವೆ, ಹೆಂಚು ಆ ಮಣ್ಣಿನ ಮೇಲೆ ಕೂರುತ್ತದೆ. ಇನ್ನು ಹಳೆಯ ದಾಖಲೆಯ ಅಳತೆಯನ್ನು 303 ಮಿ.ಮೀ.ಯ ಜಾ ಎಂದು ಕಣ್ಣುಮುಚ್ಚಿ ಗುಣಿಸಬೇಡಿ. ಜೋಸೊನ್ ಅರಸುಮನೆತನದ ಕಾಲದ ಕಟ್ಟಡದ ಅಳತೆಗೋಲು ಸುಮಾರು 31 ಸೆಂ.ಮೀ. ಇತ್ತು. 12 ಮೀಟರಿನ ಸೂರಿನಲ್ಲಿ ಈ ವ್ಯತ್ಯಾಸ ಒಂದು ಪಕ್ಕಾಸಿನ ಅಂತರಕ್ಕೆ ಹತ್ತಿರ ಬರುತ್ತದೆ.

ಎಲ್ಲ ತಿದ್ದಿದ ಮೇಲೆ ನಾನು ಮಾಡುವ ಕೊನೆಯ ಪರೀಕ್ಷೆ ಕಂಪ್ಯೂಟರಿನ ಹೊರಗಿನದು. ಅರ್ಧ ಸೂರಿನ ಬಾಗನ್ನು ಹತ್ತನೇ ಒಂದರ ಅಳತೆಯಲ್ಲಿ ಕಾಗದಕ್ಕೆ ಅಚ್ಚು ಹಾಕಿಸುತ್ತೇನೆ, 60 ಸೆಂ.ಮೀ. ಉದ್ದ, 36 ಮಿ.ಮೀ. ಏರಿಕೆ. ಸಮವಾಗಿ ಸೀಳಿದ ಬಿದಿರು ಕಡ್ಡಿಯೊಂದನ್ನು ನಡುವಿನಲ್ಲಿ ಎರಡು ಗುಂಡುಸೂಜಿಯಿಂದ, ತುದಿಯಲ್ಲಿ ಒಂದರಿಂದ ಹಿಡಿದು ಗೆರೆಯ ಮೇಲೆ ಬಾಗಿಸುತ್ತೇನೆ. ಕಳೆದ ಬಾರಿ ಕಡ್ಡಿ ಗೆರೆಯ ಮೇಲೆಯೇ ಮಲಗಿತು, ತುದಿಯಿಂದ ನಾಲ್ಕು ಬೆರಳು ಈಚೆಗೆ ಮಾತ್ರ ಕೂದಲೆಳೆಯಷ್ಟು ದೂರ ಸರಿಯಿತು. ಅಲ್ಲಿದ್ದ ಐದನೇ ನಿಯಂತ್ರಣ ಬಿಂದುವನ್ನು ಅಳಿಸಿ, ರೇಖೆಯನ್ನು ನಾಲ್ಕರಿಂದಲೇ ಮತ್ತೆ ಎಳೆದು, 80 ಪಕ್ಕಾಸುಗಳನ್ನೂ ಅದರಿಂದ ಹೊಸದಾಗಿ ಇಳಿಸಿದೆ.